ದಕ್ಷಿಣ ಜರ್ಮನಿಯ ಸೋದರತ್ತೆ ಮಗಳು

ನನಗೆ ಜರ್ಮನ್ ಭಾಷೆ ಬರುತ್ತದೆ ಎಂಬುದರಲ್ಲಿ ನನಗೆ ಯಾವತ್ತೂ ಅನುಮಾನವಿರಲಿಲ್ಲ. ಮದುವೆಗೆ ಮೊದಲು ಬೆಂಗಳೂರಿನಲ್ಲಿದ್ದಾಗ ಸಂಜೆ ತರಗತಿಗೆ ಸೇರಿ ಹನ್ನೊಂದು ದಿನ ಕಲಿತಿದ್ದೆ. ಹನ್ನೆರಡನೇ ದಿನ ಗಂಡಿನ ಕಡೆಯವರು ನೋಡಲು ಬಂದರು, ಅಲ್ಲಿಗೆ ನನ್ನ ವ್ಯಾಸಂಗ ನಿಂತಿತು. ಇಲ್ಲದಿದ್ದರೆ ಇಷ್ಟು ಹೊತ್ತಿಗೆ ನಾನು ಎಲ್ಲಿರುತ್ತಿದ್ದೆನೋ ಎಂದು ನಮ್ಮವರಿಗೆ ಮೂವತ್ತೈದು ವರ್ಷಗಳಿಂದ ಹೇಳುತ್ತಾ ಬಂದಿದ್ದೇನೆ.

"ಹನ್ನೆರಡನೇ ಕ್ಲಾಸಲ್ಲಿರ್ತಿದ್ದೆ," ಎನ್ನುತ್ತಾರೆ ಅವರು.

ಈ ಪಾಂಡಿತ್ಯ ಇಷ್ಟು ವರ್ಷ ಯಾರಿಗೂ ತೊಂದರೆ ಕೊಡದೆ ನನ್ನೊಳಗೆ ತೆಪ್ಪಗೆ ಕೂತಿತ್ತು. ಅದು ಹೊರಬಂದದ್ದು ಮಗಳ ಮದುವೆಯ ಮಾತುಕತೆಯಲ್ಲಿ.

ನಮ್ಮ ಮೇಘನಾ ಮೆಲ್ಬರ್ನಿನ ಕ್ಲೇಟನ್ನಿನಲ್ಲಿ ಫಿಸಿಯೋಥೆರಪಿಸ್ಟ್. ನಿಖಿಲ್ ಸಿಡ್ನಿಯ ಹುಡುಗ. ನಾಲ್ಕು ವರ್ಷ ಶುಕ್ರವಾರದ ವಿಮಾನಗಳಲ್ಲಿ ಅತ್ತಿಂದಿತ್ತ ಓಡಾಡಿ ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿಕೊಂಡಿದ್ದರು. ಮೆಲ್ಬರ್ನಿನ ಇನ್ನೊಂದು ತುದಿಯ ವಿಂಡಮ್ ವೇಲ್‌ನಲ್ಲಿ ಕೂತು ನಾವೂ ಒಪ್ಪಿಕೊಂಡಿದ್ದೆವು. ನಿಖಿಲ್‌ನ ತಾಯಿ ಗಿರಿಜಾ ಕೂಡ ಒಪ್ಪಿದ್ದರು. ಬಾಕಿ ಇದ್ದವರು ಒಬ್ಬರೇ, ಗಿರಿಜಾ ಅವರ ಅತ್ತೆ ನಾಗರತ್ನಮ್ಮನವರು. ವಯಸ್ಸು ಎಂಬತ್ನಾಲ್ಕು. ಮೈಸೂರಿನ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಮಗ ತೀರಿಕೊಂಡ ಮೇಲೆ ಸಿಡ್ನಿಗೆ ಬಂದು, ಏಳು ವರ್ಷದ ಮೊಮ್ಮಗನನ್ನು ಬೆಳೆಸಿ ದೊಡ್ಡವನನ್ನಾಗಿ ಮಾಡಿದವರು. "ಹುಡುಗಿ ಸರಿ. ಮನೆಯವರನ್ನ ಕಣ್ಣಾರೆ ನೋಡಿ ಆಮೇಲೆ ಹೇಳ್ತೀನಿ," ಎಂದು ಅವರು ತೀರ್ಪು ಕಾಯ್ದಿರಿಸಿದ್ದರು.

"ಅಮ್ಮಾ, ಅಜ್ಜಿ ಹೂಂ ಅನ್ನದೇ ನಿಖಿಲ್ ಮುಂದೆ ಹೋಗಲ್ಲ," ಎಂದು ಮೇಘನಾ ನನಗೆ ಹೇಳಿದ್ದಳು. "ಅಂಡ್ ಐ ವುಡಂಟ್ ವಾಂಟ್ ಹಿಮ್ ಟು." ಇದನ್ನು ಹೇಳುವಾಗ ಅವಳ ದನಿ ಸ್ವಲ್ಪ ನಡುಗಿತ್ತು. ಕಾಲು ಮುರಿದವರನ್ನು ದಿನವಿಡೀ ನಡೆಸುವ ಗಟ್ಟಿ ಹುಡುಗಿ ಅವಳು. ಅಂಥವಳ ದನಿಯೇ ನಡುಗಿದರೆ ನಾನು ಸುಮ್ಮನಿರಲಾದೀತೇ? ಈ ಅಜ್ಜಿಯನ್ನು ಗೆದ್ದೇ ತೀರುತ್ತೇನೆ ಎಂದು ಆ ಕ್ಷಣವೇ ನಿರ್ಧರಿಸಿದೆ.

ಮೊದಲ ಬಾರಿ ಫೋನಿನಲ್ಲಿ ಮಾತಾಡಿದಾಗ ನಾಗರತ್ನಮ್ಮನವರು ಬೇಸರದಲ್ಲಿದ್ದರು. ಅವರಿಗೆ ಒಂದು ಜರ್ಮನ್ ಪತ್ತೇದಾರಿ ಸೀರಿಯಲ್ಲಿನ ಹುಚ್ಚು. ಒಂದೊಂದು ಎಪಿಸೋಡೂ ಒಂದೂವರೆ ಗಂಟೆ, ಒಂದೊಂದಕ್ಕೂ ಒಂದು ಹೊಸ ಕೊಲೆ. ಕಣ್ಣು ಮಂಜಾದ್ದರಿಂದ ಅವರಿಗೆ ಕೆಳಗೆ ಓಡುವ ಇಂಗ್ಲಿಷ್ ಸಬ್‌ಟೈಟಲ್ ಓದಲಾಗುವುದಿಲ್ಲ. ಶನಿವಾರ ಶನಿವಾರ ನಿಖಿಲ್ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಿದ್ದ. ಈಗ ಅವನು ಕೆಲಸದ ಮೇಲೆ ಒಂದು ತಿಂಗಳು ಪರ್ತ್‌ಗೆ ಹೋಗಿದ್ದಾನೆ. ಉಳಿದಿರುವುದು ಒಂದೇ ಎಪಿಸೋಡು, ಅದನ್ನೂ ಈ ತಿಂಗಳ ಕೊನೆಗೆ ಆ್ಯಪಿನಿಂದ ತೆಗೆದುಬಿಡುತ್ತಾರಂತೆ.

"ಗಿರಿಜಾಗೆ ಹೇಳು ಅಂದ್ರೆ ಹೆಣ ಸಿಗೋ ಹೊತ್ತಿಗೆ ಗೊರಕೆ ಹೊಡೀತಾಳೆ," ಎಂದರು.

"ಅಯ್ಯೋ, ಜರ್ಮನ್ ತಾನೇ ಅಮ್ಮಾ? ನನಗೆ ಚೆನ್ನಾಗಿ ಬರುತ್ತೆ. ಈ ಶನಿವಾರ ನಾವೇ ಸಿಡ್ನಿಗೆ ಬರ್ತೀವಿ, ಕೂತು ಹೇಳ್ತೀನಿ!"

ಎದುರಿಗೆ ಕೂತಿದ್ದ ನಮ್ಮವರು ಕಾಫಿ ಲೋಟವನ್ನು ನಿಧಾನವಾಗಿ ಕೆಳಗಿಟ್ಟರು. ಮಾತಿನ ಭರದಲ್ಲಿ ನಾನು ಮೇಘನಾಳ ಸಂಗೀತ, ಅವಳ ಹೋಳಿಗೆ, ಅವಳ ಕನ್ನಡ ಓದು, ಎಲ್ಲವನ್ನೂ ಹೊಗಳಿ ಫೋನಿಟ್ಟೆ.

"ಏನೇ ಇದು?" ಎಂದರು ನಮ್ಮವರು.

"ರೀ, ಕೆಳಗಡೆ ಇಂಗ್ಲಿಷಲ್ಲಿ ಬರುತ್ತಲ್ಲ. ನಾನು ಅದನ್ನ ಓದಿಕೊಂಡು ಕನ್ನಡದಲ್ಲಿ ಹೇಳ್ತೀನಿ. ಅವರಿಗೆ ಖುಷಿ. ನಮ್ಮ ಬಗ್ಗೆ ಒಳ್ಳೇ ಅಭಿಪ್ರಾಯ. ಇದರಲ್ಲಿ ತಪ್ಪಾಗೋಕೆ ಏನಿದೆ?"

"ಇಂಗ್ಲಿಷ್ ಬರುತ್ತೆ ಅಂತ ಹೇಳಿದ್ರೆ ಸಾಕಿತ್ತಲ್ಲ ಹಾಗಾದ್ರೆ?"

ನನಗೆ ಇದು ಹೊಳೆದಿರಲೇ ಇಲ್ಲ! ಮೇಘನಾ ಕೂಡ ವಿಷಯ ತಿಳಿದು ಫೋನ್ ಮಾಡಿದಳು. "ಅಮ್ಮಾ, ಪ್ಲೀಸ್. ಜಸ್ಟ್ ಟೆಲ್ ಹರ್ ದ ಟ್ರೂತ್." ಇಂದಿನ ಮಕ್ಕಳಿಗೆ ಸಂಬಂಧ ಕುದುರಿಸುವ ಸೂಕ್ಷ್ಮ ಎಲ್ಲಿ ಅರ್ಥವಾಗುತ್ತದೆ ಎಂದುಕೊಂಡು, ಒಂದು ಡಬ್ಬಿ ಕೋಡುಬಳೆ ಕರಿದು, ನಮ್ಮವರನ್ನೂ ಹೊರಡಿಸಿಕೊಂಡು ವಿಮಾನ ಹತ್ತಿದೆ.

ಸಿಡ್ನಿಯ ವೆಂಟ್‌ವರ್ತ್‌ವಿಲ್‌ನ ಅವರ ಮನೆಯಲ್ಲಿ ಉಪಚಾರ ಭರ್ಜರಿಯಾಗಿತ್ತು. ಹಾಲಿನ ಗೋಡೆಯ ಮೇಲೆ ನಿಖಿಲ್‌ನ ತಂದೆಯ ಫೋಟೋ, ಅದಕ್ಕೆ ಗಂಧದ ಹಾರ. ನಾಗರತ್ನಮ್ಮನವರು ತೆಳ್ಳಗೆ, ನೆಟ್ಟಗೆ, ಇಸ್ತ್ರಿ ಮಾಡಿದ ಹತ್ತಿ ಸೀರೆಯಲ್ಲಿ ಕೂತಿದ್ದರು. ಊಟ ಮುಗಿಸಿ ಎರಡು ಗಂಟೆಗೆ ಎಲ್ಲರೂ ಟಿವಿಯ ಮುಂದೆ ಕೂತೆವು. ನಾಗರತ್ನಮ್ಮನವರು ತೊಡೆಯ ಮೇಲೆ ಒಂದು ದೊಡ್ಡ ಡ್ರಾಯಿಂಗ್ ಪುಸ್ತಕ ಇಟ್ಟುಕೊಂಡು ದಪ್ಪ ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದರು.

"ಇದೇನಮ್ಮಾ?" ಎಂದೆ.

"ಯಾರು ಯಾರಿಗೆ ಏನಾಗಬೇಕು ಅಂತ ಬರ್ಕೋತೀನಿ. ಅದು ಸರಿಯಾಗಿ ಗೊತ್ತಾದ್ರೆ ಕೊಲೆಗಾರ ಅರ್ಧ ಸಿಕ್ಕಿದ ಹಾಗೆ."

ಎಪಿಸೋಡು ಶುರುವಾಯಿತು. ಒಂದು ಸರೋವರ, ಮಂಜು, ದೋಣಿ ನಿಲ್ಲಿಸುವ ಶೆಡ್ಡು. ಕೆಳಗೆ ಮುತ್ತು ಪೋಣಿಸಿದಂತೆ ಇಂಗ್ಲಿಷ್ ಸಬ್‌ಟೈಟಲ್. ನಾನು ಗಂಟಲು ಸರಿಮಾಡಿಕೊಂಡು, "ಇಲ್ಲಿ ಯಾರೂ ಬರಬೇಡಿ ಅಂತಿದ್ದಾಳೆ ಇನ್ಸ್‌ಪೆಕ್ಟರ್," ಎಂದೆ. ಎಂಥ ಸರಾಗ! ನಮ್ಮವರ ಕಡೆ ಹೆಮ್ಮೆಯಿಂದ ನೋಡಿದೆ.

"ಗಿರಿಜಾ, ಆ ಅಕ್ಷರ ತೆಗೆದುಬಿಡು," ಎಂದರು ನಾಗರತ್ನಮ್ಮ.

"ಇರಲಿ ಬಿಡಿ ಅಮ್ಮಾ..." ಎಂದೆ ಗಾಬರಿಯಿಂದ.

"ಯಾಕೆ? ನಿಖಿಲ್‌ಗೆ ಜರ್ಮನ್ ಬರಲ್ಲ, ಅವನಿಗೆ ಬೇಕು. ನಿಮಗ್ಯಾಕೆ ಅದು? ಕೆಳಗೆ ಪಟಪಟ ಅಂತ ಬದಲಾಗ್ತಾ ಇದ್ರೆ ನನಗೆ ಕಣ್ಣು ನೋಯುತ್ತೆ."

ಗಿರಿಜಾ ರಿಮೋಟಿನ ಒಂದು ಗುಂಡಿ ಒತ್ತಿದರು. ಸಬ್‌ಟೈಟಲ್ ಮಾಯವಾಯಿತು. ಮರು ನಿಮಿಷಕ್ಕೆ ಗಿರಿಜಾ ಕೂಡ ಸೋಫಾದ ಮೂಲೆಯಲ್ಲಿ ನಿದ್ರಾವಶರಾದರು. ಉಳಿದದ್ದು ನಾನು, ಹನ್ನೊಂದು ದಿನದ ಜರ್ಮನ್ ಮತ್ತು ಒಂದೂವರೆ ಗಂಟೆ.

ಈ ಹಂತದಲ್ಲಿ ಸಭ್ಯಸ್ಥರು ಸತ್ಯ ಹೇಳಿಬಿಡುತ್ತಾರೆ. ನಾನು ಕತೆ ಹೇಳಲು ಶುರು ಮಾಡಿದೆ.

ಶೆಡ್ಡಿನಲ್ಲಿ ಒಬ್ಬ ಯುವಕನ ಹೆಣ. ನಂತರ ದೊಡ್ಡ ಮನೆಯೊಂದರಲ್ಲಿ ಬೆಳ್ಳಿಕೂದಲಿನ ಹೆಂಗಸು ಕರವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಸತ್ತವನಿಗಾಗಿ ಅಳುವ ವಯಸ್ಸಾದ ಹೆಂಗಸು ಯಾರಿದ್ದಾಳು? "ತಾಯಿ," ಎಂದೆ. ಅವಳ ಪಕ್ಕದಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ, ಮುಖ ಸಪ್ಪೆ ಮಾಡಿಕೊಂಡು ನಿಂತಿದ್ದಾರೆ.

"ಇವರು?"

"ಸತ್ತವನ ತಮ್ಮ, ತಂಗಿ. ಮೂರು ಜನ ಮಕ್ಕಳು, ಹಿರಿಯವನೇ ಹೋಗಿಬಿಟ್ಟ."

ಮಾರ್ಕರ್ ಪೆನ್ನು ಕಿರ್ ಕಿರ್ ಎಂದು ಓಡಿತು. "ತಂದೆ?"

ತಂದೆ! ನಾನು ಪರದೆಯ ಮೇಲೆಲ್ಲ ತಂದೆಗಾಗಿ ಹುಡುಕಿದೆ. ಗೋಡೆಯ ಮೇಲೆ ಒಬ್ಬ ದಪ್ಪ ಮೀಸೆಯ ಮುದುಕನ ಕಟ್ಟು ಹಾಕಿದ ಫೋಟೋ, ಅದರ ಕೆಳಗೆ ಹೂದಾನಿಯಲ್ಲಿ ಬಿಳಿ ಹೂವು. ಫೋಟೋ ಗೋಡೆಯ ಮೇಲಿದೆ, ಹೂವಿದೆ, ಇನ್ನೇನು ಬೇಕು? "ತಂದೆ ತೀರಿಕೊಂಡಿದ್ದಾರೆ ಅಮ್ಮಾ. ಹತ್ತು ವರ್ಷ ಆಯ್ತಂತೆ."

ನಾಗರತ್ನಮ್ಮ ಪೆನ್ನು ನಿಲ್ಲಿಸಿದರು. ಒಂದು ಸಲ ತಮ್ಮ ಮನೆಯ ಗೋಡೆಯ ಮೇಲಿನ ಫೋಟೋ ನೋಡಿದರು. "ಪಾಪ. ಒಬ್ಬಳೇ ಸಾಕಿದ್ದಾಳೆ," ಎಂದು ಮೆಲ್ಲಗೆ ಹೇಳಿ ಬರೆದುಕೊಂಡರು. ನನಗೆ ಅಲ್ಲೇ ನಿಜ ಹೇಳಿಬಿಡಬೇಕೆನಿಸಿತು. ಆದರೆ ಇನ್ಸ್‌ಪೆಕ್ಟರ್ ಆಗಲೇ ಮುಂದಿನ ಪ್ರಶ್ನೆ ಕೇಳುತ್ತಿದ್ದಳು, ನಾನು ಉತ್ತರ ಕಟ್ಟಬೇಕಿತ್ತು.

ಅಷ್ಟರಲ್ಲಿ ಕಪ್ಪು ಕೋಟಿನ ತೆಳ್ಳನೆಯ ಮನುಷ್ಯನೊಬ್ಬ ಚೀಲ ಹಿಡಿದು ಆ ಮನೆಗೆ ಬಂದ. ಮೇಜಿನ ಮುಂದೆ ಕೂತ. ಚೀಲದಿಂದ ಏನೇನೋ ತೆಗೆದಿಟ್ಟು ಒಂದೇ ಸಮನೆ ಮಾತಾಡಿದ. ಮನೆಯವರೆಲ್ಲ ತಲೆ ತಗ್ಗಿಸಿ ಕೇಳಿದರು. ಕೊನೆಗೆ ತಾಯಿ ಅವನಿಗೆ ಒಂದು ಕವರು ಕೊಟ್ಟಳು. ಇದಂತೂ ನೀರು ಕುಡಿದಷ್ಟು ಸುಲಭ.

"ಪುರೋಹಿತರು," ಎಂದೆ. "ಹನ್ನೊಂದನೇ ದಿನದ ಕಾರ್ಯದ ಬಗ್ಗೆ ಹೇಳೋಕೆ ಬಂದಿದ್ದಾರೆ. ಬಹಳ ಸಾತ್ವಿಕರು."

ನಮ್ಮವರಿಗೆ ಕೋಡುಬಳೆ ಗಂಟಲಿಗೆ ಸಿಕ್ಕಿ ಕೆಮ್ಮು ಬಂತು.

ಇಪ್ಪತ್ತು ನಿಮಿಷ ಎಲ್ಲವೂ ಸುಸೂತ್ರವಾಗಿ ನಡೆಯಿತು. ನನಗೇ ನನ್ನ ಕತೆ ಹಿಡಿಸತೊಡಗಿತ್ತು. ಆಗ ಆ ತಮ್ಮ, ತಂಗಿ ಅಡುಗೆಮನೆಗೆ ಹೋದರು. ಅವಳು ಅವನ ಭುಜದ ಮೇಲೆ ತಲೆಯಿಟ್ಟಳು. ಅಣ್ಣನ ಭುಜ, ಇಡಲಿ ಬಿಡಿ. ಅವನು ಅವಳ ಮುಖ ಎತ್ತಿದ. ಸಮಾಧಾನ ಮಾಡುತ್ತಿದ್ದಾನೆ, ಮಾಡಲಿ. ಆಮೇಲೆ ಅವನು ಅವಳ ತುಟಿಗೆ ಮುತ್ತಿಟ್ಟ. ಬಿಡಲೇ ಇಲ್ಲ!

"ಶಿವ ಶಿವಾ!" ನಾಗರತ್ನಮ್ಮನವರ ಪೆನ್ನು ಕೆಳಗೆ ಬಿತ್ತು. "ಒಡಹುಟ್ಟಿದವರು ಅಂದ್ರಲ್ಲ!"

ನಮ್ಮವರು ಛಾವಣಿ ನೋಡುತ್ತಾ ಕೂತರು. ಪರದೆಯ ಮೇಲೆ ಮುತ್ತು ಇನ್ನೂ ಮುಂದುವರಿದಿತ್ತು. ಜರ್ಮನ್ನರು ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವುದಿಲ್ಲ ಎಂದು ಆ ದಿನ ತಿಳಿಯಿತು.

"ಅಂದ್ರೆ... ಸ್ವಂತ ತಂಗಿ ಅಲ್ಲ ಅಮ್ಮಾ. ಈಗ ಹೇಳಿದ್ರು ನೋಡಿ, ಸೋದರತ್ತೆ ಮಗಳಂತೆ. ಚಿಕ್ಕಂದಿನಿಂದ ಇವರ ಮನೇಲೇ ಬೆಳೆದಿದ್ದಾಳೆ."

ನಾಗರತ್ನಮ್ಮನವರ ಮುಖ ಅರಳಿತು. "ಹಾಗೆ ಹೇಳಿ ಮತ್ತೆ! ಸೋದರತ್ತೆ ಮಗಳು ಅಂದ್ರೆ ವರಸೆ ಸರಿಯಾಯ್ತು. ಮದುವೆ ಆಗಬಹುದು." ಪೆನ್ನು ಎತ್ತಿಕೊಂಡು ತಿದ್ದಿದರು. ತಿದ್ದಿದ ಮೇಲೆ ಯೋಚನೆ ಬಂತು. "ಅಲ್ಲಾ, ಜರ್ಮನಿಯಲ್ಲೂ ಸೋದರತ್ತೆ ಮಗಳನ್ನ ತಂದ್ಕೋತಾರಾ?"

"ಎಲ್ಲಾ ಕಡೆ ಇಲ್ಲ. ದಕ್ಷಿಣದ ಕಡೆ ಮಾತ್ರ."

"ನಮ್ಮ ಹಾಗೇ!" ಎಂದು ಅವರು ಸಂತೋಷಪಟ್ಟರು.

ಈ ಒಂದು ಗಂಡಾಂತರ ದಾಟಿದ ಉಸಿರು ಬಿಡುವಷ್ಟರಲ್ಲಿ ಆ ಜರ್ಮನ್ ಮನೆಯ ಮುಂಬಾಗಿಲು ತೆರೆಯಿತು. ನಾಯಿಯ ಹಗ್ಗ ಹಿಡಿದು, ಬೂಟಿನ ಮಣ್ಣು ಕೊಡವುತ್ತಾ, ಹತ್ತು ವರ್ಷದ ಹಿಂದೆ ತೀರಿಕೊಂಡಿದ್ದ ತಂದೆ ಒಳಗೆ ಬಂದ! ಅದೇ ದಪ್ಪ ಮೀಸೆ. ಹಿಂದೆ ಗೋಡೆಯ ಮೇಲೆ ಅದೇ ಫೋಟೋ. ಹೋಲಿಸಿ ನೋಡಲಿ ಎಂದೇ ನಿಂತಂತೆ ಎರಡೂ ಒಂದೇ ಚೌಕಟ್ಟಿನಲ್ಲಿ ನಿಂತವು.

"ಇದು ಯಾರು?" ನಾಗರತ್ನಮ್ಮ ಕನ್ನಡಕ ಒರೆಸಿಕೊಂಡು ಮುಂದೆ ಬಾಗಿದರು.

"ತಮ್ಮ. ಸತ್ತ ತಂದೆಯ ತಮ್ಮ. ಅವಳಿ ಜವಳಿ."

"ಹಾಗಾದ್ರೆ ಚಿಕ್ಕಪ್ಪ." ಬರೆದುಕೊಂಡರು.

ಚಿಕ್ಕಪ್ಪ ನೇರವಾಗಿ ಹೋಗಿ ತಾಯಿಯ ಸೊಂಟ ಬಳಸಿ ಹಣೆಗೆ ಮುತ್ತಿಟ್ಟ. ನಾನು ಕಣ್ಣು ಮುಚ್ಚಿಕೊಂಡೆ. ಈ ಮನೆಯಲ್ಲಿ ಯಾರಿಗೂ ಒಂದು ಕ್ಷಣ ಸುಮ್ಮನೆ ನಿಲ್ಲಲು ಬರುವುದಿಲ್ಲವೇ?

"ಅತ್ತಿಗೆ ಸೊಂಟದ ಮೇಲೆ ಮೈದುನನ ಕೈ!" ನಾಗರತ್ನಮ್ಮನವರ ದನಿ ಕೋರ್ಟಿನಲ್ಲಿ ಮೊಳಗಿದಂತೆ ಮೊಳಗಿತು. ಗಿರಿಜಾ ನಿದ್ದೆಯಲ್ಲೇ ಮಗ್ಗುಲಾದರು.

"ಅದಕ್ಕೇ ಅಮ್ಮಾ ಕೊಲೆ ಆಗಿದ್ದು!" ಎಂದುಬಿಟ್ಟೆ. "ಹಿರಿಮಗನಿಗೆ ಇವರ ವಿಷಯ ಗೊತ್ತಾಗಿತ್ತು. ಚಿಕ್ಕಪ್ಪನೇ ಮುಗಿಸಿದ."

ಎಲ್ಲಿಂದ ಬಂತೋ ಆ ಬುದ್ಧಿ! ನಾಗರತ್ನಮ್ಮನವರು ಚಿಕ್ಕಪ್ಪನ ಹೆಸರಿನ ಸುತ್ತ ದೊಡ್ಡ ವೃತ್ತ ಎಳೆದರು. ಮುಂದಿನ ಮುಕ್ಕಾಲು ಗಂಟೆ ನಾನು ಆ ನಿರಪರಾಧಿ ಮುದುಕನ ಬಾಯಿಂದ ಆಡಿಸದ ಪಾಪದ ಮಾತಿಲ್ಲ. ಅವನು ನಾಯಿಗೆ ಅನ್ನ ಹಾಕುತ್ತಿದ್ದರೆ, "ಸಾಕ್ಷಿಗೆ ವಿಷ ಹಾಕೋದು ಹೇಗೆ ಅಂತ ಯೋಚಿಸ್ತಿದ್ದಾನೆ," ಎಂದೆ. ಅವನು ಕಿಟಕಿಯ ಬಳಿ ನಿಂತು ಕಣ್ಣೀರಿಟ್ಟರೆ, "ನಾಟಕ," ಎಂದೆ. ನಾಗರತ್ನಮ್ಮ ಹಲ್ಲು ಕಡಿದರು.

ಕೊನೆಯ ಹತ್ತು ನಿಮಿಷ. ಇನ್ಸ್‌ಪೆಕ್ಟರ್ ಮತ್ತು ಅವಳ ಸಹಾಯಕ ಮೆಟ್ಟಿಲು ಹತ್ತಿ ಒಂದು ಬಾಗಿಲು ಬಡಿದರು. ಬಾಗಿಲು ತೆರೆದವನು ಕಪ್ಪು ಕೋಟಿನ ತೆಳ್ಳನೆಯ ಮನುಷ್ಯ. ಅವನು ಕಿಟಕಿಯಿಂದ ಹಾರಿ ಓಡಿದ. ಸರೋವರದ ದಂಡೆಯಲ್ಲಿ ಅವನನ್ನು ಕೆಡವಿ, ಕೈಗೆ ಬೇಡಿ ಹಾಕಿದರು.

"ಪುರೋಹಿತರಿಗೆ ಬೇಡಿ ಹಾಕಿದ್ರಲ್ಲ!" ಎಂದರು ನಾಗರತ್ನಮ್ಮ.

"ಅದು ಉಪಾಯ ಅಮ್ಮಾ. ಚಿಕ್ಕಪ್ಪನಿಗೆ ಧೈರ್ಯ ಬರಲಿ ಅಂತ ಸುಳ್ಳು ಅರೆಸ್ಟು. ಮುಂದಿನ ವಾರ ಅವನನ್ನ ಹಿಡೀತಾರೆ."

ಸಂಗೀತ ಬಂತು, ಹೆಸರುಗಳು ಓಡತೊಡಗಿದವು. ನಾಗರತ್ನಮ್ಮ ಮಾರ್ಕರ್ ಪೆನ್ನಿನ ಮುಚ್ಚಳ ಹಾಕಿದರು.

"ಸುಮಾ ಅವರೇ, ಈ ಸೀರಿಯಲ್ಲಲ್ಲಿ ಒಂದು ವಾರದ ಕೊಲೆಗಾರನನ್ನ ಮುಂದಿನ ವಾರಕ್ಕೆ ಉಳಿಸಿಕೊಳ್ಳೋ ಪದ್ಧತಿ ಇಲ್ಲ. ಮೂವತ್ತೆಂಟು ಎಪಿಸೋಡು ನೋಡಿದ್ದೀನಿ. ಅದೂ ಅಲ್ಲದೆ ಇದೇ ಕೊನೇದು, ಮುಂದಿನ ವಾರ ಎಲ್ಲಿಂದ ಬಂತು?" ಸೊಸೆಯ ಕಡೆ ತಿರುಗಿದರು. "ಗಿರಿಜಾ, ಏಳು. ಅಕ್ಷರ ಹಾಕು. ಮೊದಲಿಂದ."

ಮುಂದಿನ ಒಂದೂವರೆ ಗಂಟೆ ನನ್ನ ಬಾಳಿನ ಅತಿ ದೀರ್ಘ ಒಂದೂವರೆ ಗಂಟೆ. ಈ ಸಲ ಸಬ್‌ಟೈಟಲ್ ಓದುವ ಶಿಕ್ಷೆ ನನಗೇ ಆಯಿತು. ನನ್ನ ಬಾಯಿಂದಲೇ ನನ್ನ ಸುಳ್ಳುಗಳು ಒಂದೊಂದಾಗಿ ಹೊರಗೆ ಬಂದವು. "ಇವರಿಬ್ಬರೂ... ಗಂಡ ಹೆಂಡತಿ." ಕಿರ್ ಎಂದು ಅಡ್ಡಗೆರೆ. "ಈ ವಯಸ್ಸಾದವರೂ ಗಂಡ ಹೆಂಡತಿ. ನಲವತ್ತು ವರ್ಷ ಆಯ್ತಂತೆ ಮದುವೆಯಾಗಿ." ಕಿರ್. "ಇವರು ಇನ್ಶೂರೆನ್ಸ್ ಏಜೆಂಟು." ಕಿರ್, ಕಿರ್. ಸತ್ತವನು ಆ ಮನೆಗೆ ಏನೂ ಆಗಬೇಕಿರಲಿಲ್ಲ, ಮಹಡಿಯಲ್ಲಿ ರೆಂಟ್‌ಗೆ ಇದ್ದವನು. ಅವನು ಸತ್ತಿದ್ದ ಎನ್ನುವುದೊಂದನ್ನು ಬಿಟ್ಟರೆ ನಾನು ಹೇಳಿದ್ದರಲ್ಲಿ ಏನೂ ನಿಜವಿರಲಿಲ್ಲ.

ಗೋಡೆಯ ಫೋಟೋ ಬಂದಾಗ ನಾಗರತ್ನಮ್ಮನವರೇ ಕೇಳಿದರು. "ಇವರು ಬದುಕಿದ್ದಾರೆ ತಾನೇ?"

"ಬದುಕಿದ್ದಾರೆ ಅಮ್ಮಾ."

"ಒಳ್ಳೇದಾಯ್ತು," ಎಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಆ ಒಂದು ಮಾತಿಗೆ ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮಗನನ್ನು ಕಳೆದುಕೊಂಡ ಹೆಂಗಸಿನ ಎದುರು ಕೂತು ನಾನು ಬಾಯಿಗೆ ಬಂದಂತೆ ಸಾವುಗಳನ್ನು ಹಂಚಿದ್ದೆ.

ಎಲ್ಲ ಮುಗಿದ ಮೇಲೆ ಅವರು ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ಬಹುವಚನ ಹೊರಟುಹೋಗಿತ್ತು.

"ಫೋನಲ್ಲಿ ಮಗಳು ಹಾಡ್ತಾಳೆ ಅಂದೆ."

"ಎರಡು ವರ್ಷ ಕ್ಲಾಸಿಗೆ ಹೋಗಿದ್ಲು. ಹೋಗಿ ಬಂದ್ಲು."

"ಹೋಳಿಗೆ?"

"ತಿಂತಾಳೆ."

"ಕನ್ನಡ ಓದೋದು?"

"ಅರ್ಥ ಎಲ್ಲಾ ಆಗುತ್ತೆ ಅಮ್ಮಾ. ಓದೋಕೆ... ಅಂಗಡಿ ಬೋರ್ಡು ಓದ್ತಾಳೆ. ಕಾರು ನಿಂತಿದ್ರೆ."

"ಮತ್ತೆ ಉಳಿದದ್ದೇನು?"

ನನ್ನ ಜಂಬಕ್ಕೆ ಮಗಳ ನಾಲ್ಕು ವರ್ಷದ ಪ್ರೀತಿ ಬಲಿಯಾಗುವ ಹಾಗೆ ಕಾಣುತ್ತಿತ್ತು. "ಅವಳಿಗೆ ಸುಳ್ಳು ಹೇಳೋಕೆ ಬರಲ್ಲ ಅಮ್ಮಾ. ಅದು ಅವರಪ್ಪನಿಂದ ಬಂದಿದ್ದು. ನನ್ನ ತಪ್ಪಿಗೆ ಅವಳನ್ನ ಬೇಡ ಅನ್ಬೇಡಿ."

"ಅವಳು ಸುಳ್ಳು ಹೇಳಲ್ಲ ಅಂತ ನೀನು ಹೇಳಿದ್ರೆ ನಾನು ನಂಬೋದು ಹೇಗೆ?"

ನಾಗರತ್ನಮ್ಮ ಗಿರಿಜಾ ಅವರ ಫೋನು ತೆಗೆದುಕೊಂಡು, ಅಲ್ಲೇ, ಎಲ್ಲರ ಎದುರು, ಸ್ಪೀಕರ್ ಹಾಕಿಸಿ ಮೇಘನಾಗೆ ಕರೆ ಮಾಡಿಸಿದರು. ನಾನು ಕೈ ಮುಗಿದುಕೊಂಡು ಕೂತೆ. ಅಮ್ಮನ ಮಾನ ಉಳಿಸಲು ಅವಳು ಒಂದು ಸುಳ್ಳು ಹೇಳಿದರೆ ಕೆಟ್ಟಳು. ನಿಜ ಹೇಳಿದರೆ ನಾನು ಕೆಟ್ಟೆ. ನಾನೇ ಕೆಡುವಂತಾಗಲಿ ದೇವರೇ ಎಂದು ಬೇಡಿಕೊಂಡೆ.

"ಮೇಘನಾ, ಒಂದು ಮಾತು ಕೇಳ್ತೀನಿ. ನಿಮ್ಮಮ್ಮನಿಗೆ ಜರ್ಮನ್ ಬರುತ್ತೇನಮ್ಮಾ?"

ನಮ್ಮವರ ಕಾಲು ಅಲ್ಲಾಡುವುದು ನಿಂತಿತು.

"ನೋ, ಅಜ್ಜಿ," ಎಂದಳು ಮೇಘನಾ. "ಒಂದರಿಂದ ಹತ್ತು ಹೇಳ್ತಾರೆ. ಮಧ್ಯ ಆರು ಮಿಸ್ ಆಗುತ್ತೆ. ಬಟ್ ಪ್ಲೀಸ್ ಡೋಂಟ್ ಬಿ ಆ್ಯಂಗ್ರಿ. ಷಿ ಜಸ್ಟ್ ವಾಂಟೆಡ್ ಯು ಟು ಲೈಕ್ ಅಸ್." ಆಮೇಲೆ ಕೇಳಿದಳು, "ಅಜ್ಜಿ, ಅಮ್ಮ ಕೊಲೆಗಾರ ಯಾರು ಅಂದ್ರು?"

"ಚಿಕ್ಕಪ್ಪ."

"ಓಹ್. ನಿಜವಾಗಿ ಯಾರು?"

"ಯಾರಾದ್ರೂ ಆಗಲಿ. ಆ ಕತೇಲಿ ಚಿಕ್ಕಪ್ಪನೇ ಇಲ್ಲ!"

ಇಷ್ಟು ಹೇಳಿ ನಾಗರತ್ನಮ್ಮನವರು ನಗತೊಡಗಿದರು. ತೆಳ್ಳನೆಯ ಮೈ ಕುಲುಕಿ ಕುಲುಕಿ, ಕನ್ನಡಕ ತೆಗೆದು, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಗಿರಿಜಾ ನಕ್ಕರು, ನಮ್ಮವರು ಸೋಫಾದ ದಿಂಬಿಗೆ ಮುಖ ಒತ್ತಿ ನಕ್ಕರು. ನಾನು ಮಾತ್ರ ಅತ್ತುಬಿಟ್ಟೆ. ಹುಡುಗಿ ಒಪ್ಪಿಗೆ ಎಂದು ಅವರು ಫೋನಿನಲ್ಲೇ ಹೇಳಿಬಿಟ್ಟಿದ್ದರು, ನನಗೆ ಕೇಳಿಸಿದ್ದು ಎರಡನೇ ಸಲ ಹೇಳಿದಾಗ.

ನಿಶ್ಚಿತಾರ್ಥ ನಮ್ಮ ವಿಂಡಮ್ ವೇಲ್‌ನ ಒಂದು ಹಾಲಿನಲ್ಲಿ ನಡೆಯಿತು. ಸಿಡ್ನಿಯಿಂದ ಅವರ ಕಡೆಯವರು ನಲವತ್ತು ಜನ ಬಂದಿದ್ದರು. ಯಾರು ಯಾರಿಗೆ ಏನಾಗಬೇಕು ಎಂದು ಪರಿಚಯ ಮಾಡಿಸುವುದು ಹುಡುಗಿಯ ತಾಯಿಯ ಹಕ್ಕು. ಹೊಸ ರೇಷ್ಮೆ ಸೀರೆ ಉಟ್ಟು ನಾನು ಅದಕ್ಕೆ ಸಿದ್ಧಳಾಗಿ ಬಾಗಿಲಲ್ಲಿ ನಿಂತಿದ್ದೆ. ನಾಗರತ್ನಮ್ಮನವರು ನನ್ನ ಕೈ ಹಿಡಿದು ಪಕ್ಕಕ್ಕೆ ನಿಲ್ಲಿಸಿ, ಆ ಕೆಲಸವನ್ನು ನಮ್ಮವರಿಗೆ ಒಪ್ಪಿಸಿದರು. ನಮ್ಮ ಕಡೆಯ ಅರ್ಧ ಜನರ ಹೆಸರು ನಮ್ಮವರಿಗೆ ಗೊತ್ತಿಲ್ಲ. ಆದರೂ ಯಾರೂ ದೂರಲಿಲ್ಲ.

ನನ್ನ ಸರದಿ ಬಂದಾಗ ಮಾತ್ರ ನಾಗರತ್ನಮ್ಮನವರೇ ಮುಂದೆ ಬಂದರು. ಮೈಸೂರಿನಿಂದ ಬಂದಿದ್ದ ತಂಗಿಗೆ ನನ್ನನ್ನು ತೋರಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಇವಳು ಹುಡುಗಿಯ ತಾಯಿ. ಇದು ನಿಜ. ನಾನೇ ವಿಚಾರಿಸಿದ್ದೀನಿ."